ಗುಡ್ಡದ ಮನೆಯ ಚೌಕಾಸಿ

ಹೊನ್ನಾವರದಲ್ಲಿ ಬೆಳಗಾಯಿತೆಂದು ಸೂರ್ಯ ಹೇಳಿದರೆ ನಾವು ನಂಬುವುದಿಲ್ಲ, ಕಾಸರಕೋಡದ ಗಣಪಿ "ಬಂಗ್ಡೆ ಬೇಕೇನ್ರಾ?" ಎಂದು ಕೂಗಬೇಕು. ನಸುಕಿನಲ್ಲೆದ್ದು ಗಂಜಿ ಬೇಯಿಸಿ, ಹಾಸಿಗೆ ಹಿಡಿದ ಅತ್ತೆಗೆ ಉಣಿಸಿ, ಮೊದಲು ದಡ ಸೇರಿದವರ ಮೀನು ಕೊಂಡು, ದೋಣಿಯಲ್ಲಿ ಶರಾವತಿ ದಾಟಿ ಬರುವವಳು ಅವಳು. ತಲೆಯ ಮೇಲೆ ಬುಟ್ಟಿ, ಸೊಂಟದಲ್ಲಿ ಕೂಸು. ಎರಡಕ್ಕೂ ಕೈಯ ಆಸರೆ ಬೇಡ, ಕೈಗಳೇನಿದ್ದರೂ ಮಾತಾಡುವುದಕ್ಕೆ. ಊರಿನ ಬೇರೆ ಮನೆಗಳಲ್ಲಿ ಎರಡೇ ಮಾತಿಗೆ ವ್ಯಾಪಾರ ಮುಗಿಸುವವಳು, ಗುಡ್ಡದ ಮೇಲಿನ ನಮ್ಮ ಅಂಗಳದಲ್ಲಿ ಮಾತ್ರ ಬುಟ್ಟಿ ಇಳಿಸಿ ಜಗಳಕ್ಕೆ ಕೂರುತ್ತಾಳೆ. "ನಾಲ್ಕಾಣೆಗೆ ಎಂಟೇ, ಅಮ್ಮಾ. ಕಣ್ ನೋಡಿ, ನಿನ್ನೆ ಮದ್ವೆ ಆದ ಹೆಣ್ಣಿನ ಹಾಂಗೆ ಹೊಳೀತದೆ!" ನಾನು ಹತ್ತು ಎನ್ನುತ್ತೇನೆ. "ಹತ್ತು ಕೊಟ್ರೆ ನಾ ಉಡೂದು ಎಂತ? ಇದ್ದೊಂದು ಕೆಂಪ್ ಸೀರೆ ಗಂಡನ ಹಾಯಿಗೆ ತೇಪೆ ಆತು!" ಬುಟ್ಟಿ ಎತ್ತುತ್ತಾಳೆ, ಮತ್ತೆ ಇಳಿಸುತ್ತಾಳೆ, ಕೂಸಿಗೆ ಹಾಲೂಡಿಸುತ್ತಲೇ ನನ್ನ ಜಿಪುಣತನವನ್ನು ಮೂರು ಕೇರಿಗೆ ಕೇಳುವಂತೆ ಸಾರುತ್ತಾಳೆ. ಆಮೇಲೆ ಇದ್ದಕ್ಕಿದ್ದಂತೆ "ಆತು, ತಕಣಿ" ಎಂದು, ಕೇಳಿದ ಹತ್ತಕ್ಕೆ ಮತ್ತೆರಡು ಸೇರಿಸಿ ಹಾಕಿ, ನಗುತ್ತಾ ಇಳಿದು ಹೋಗುತ್ತಾಳೆ. ಮೂರು ವರ್ಷ ನಾನೇ ಗೆದ್ದೆನೆಂದು ಬೀಗಿದ್ದೆ. ಮೊನ್ನೆ ಚೌಕಾಸಿಯ ನಡುವೆ ಸುಮ್ಮನೆ ಹೋಗಿ ಅವಳ ಪಕ್ಕದಲ್ಲೇ ಕೂತೆ. ಅಲ್ಲಿಂದ, ತೆಂಗಿನ ಮರಗಳ ಸಂದಿಯಲ್ಲಿ, ಹೊಳೆ ಕಡಲು ಸೇರುವ ಅಳಿವೆ ಕಾಣಿಸಿತು. ನೊರೆಯೆದ್ದ ತೆರೆಗಳನ್ನು ದಾಟಿ, ಕೆಂಪು ತೇಪೆಯ ಹಾಯಿಯೊಂದು ಹೊಳೆಯೊಳಕ್ಕೆ ಬಂತು. "ಆತು, ತಕಣಿ" ಎಂದಳು ಗಣಪಿ.