ತೊಳೆದಿಟ್ಟ ಅಂಗಿ

ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಅವಳನ್ನು ಎಲ್ಲರೂ ಲಾಂಡ್ರಿಯಮ್ಮ ಎಂದೇ ಕರೆಯುತ್ತಿದ್ದರು. ಕಲೆ ನೋಡಿದರೆ ಸಾಕು, ಇದು ಔಷಧದ್ದು, ಇದು ತುಕ್ಕಿನದು, ಇದು ರಕ್ತದ್ದು ಎಂದು ಹೇಳಿಬಿಡುತ್ತಿದ್ದಳು. ಯಾರದು, ಹೇಗಾಯಿತು ಎಂದು ಮಾತ್ರ ಕೇಳುತ್ತಿರಲಿಲ್ಲ. ಹಾಸಿಗೆ ಬಟ್ಟೆ ಯಾರದಾದರೇನು, ಕಲೆ ಹೋಗಬೇಕು, ಅಷ್ಟೆ. ಗಂಡ ಬಿಟ್ಟುಹೋದ ಮೇಲೆ ಅವಳನ್ನೂ ಮಗನನ್ನೂ ಸಾಕಿದ್ದು ಆ ಕೆಲಸವೇ.

ಮಗನಿಗೆ ಬೀದಿಯವರು ಇಟ್ಟ ಹೆಸರು ಗೂಳಿ. ಮೀಸೆ ಚಿಗುರುವ ಹೊತ್ತಿಗೆ ಅವನಿಗೆ ಶಾಲೆಯ ಬೆಂಚಿಗಿಂತ ಪೊಲೀಸ್ ಠಾಣೆಯ ಬೆಂಚೇ ಹೆಚ್ಚು ಪರಿಚಯವಾಗಿತ್ತು. ಏನು ಕೇಳಿದರೂ "ನಂಗೇನೂ ಗೊತ್ತಿಲ್ಲ" ಎಂಬ ಒಂದೇ ಉತ್ತರ. ಬೈದಳು, ಬಾರಿಸಿದಳು, ಊಟ ಬಿಟ್ಟು ಕೂತಳು. ಜಪ್ಪಯ್ಯ ಎಂದರೂ ಅವನು ಬಾಯಿ ಬಿಡಲಿಲ್ಲ.

ಅಂಥವನನ್ನು ಈಗ ಯಾರೋ ಒಬ್ಬಳು ಬೆರಳ ತುದಿಯಲ್ಲಿ ಕುಣಿಸುತ್ತಿದ್ದಳು. ಅವಳು ಸಿಟಿ ಬಸ್ಸಿನ ಡ್ರೈವರು. ಡ್ಯೂಟಿ ಮುಗಿಸಿ, ಡಿಪೊ ಹಿಂದಿನ ಬಯಲಿನಲ್ಲಿ ಹೊಡೆದಾಟದ ಹುಡುಗರನ್ನೇ ಹುಡುಕಿ ತಂದು ಫುಟ್‌ಬಾಲ್ ಆಡಿಸುತ್ತಿದ್ದಳು. ನಿನ್ನೆಯವರೆಗೆ ಒಬ್ಬರ ಮೇಲೊಬ್ಬರು ಸೈಕಲ್ ಚೈನು ಬೀಸಿದವರು ಒಂದೇ ತಂಡದಲ್ಲಿ ಆಡಬೇಕು. ರೆಫರಿ ಇಲ್ಲ. ತಪ್ಪು ಮಾಡಿದವನು ತಾನೇ ಕೈ ಎತ್ತಬೇಕು. ಹುಡುಗರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು.

"ಸಿಗರೇಟು ಮುಟ್ಟಬಾರ್ದಂತೆ. ಅಕ್ಕ ಹೇಳಿದ್ರು" ಎಂದ ಗೂಳಿ, ಒಂದು ಸಂಜೆ ಮನೆಗೆ ಬಂದು.

"ಅದನ್ನೇ ನಾನು ಬಾಯಿ ಬಡ್ಕೊಂಡಾಗ ಕಿವೀಲಿ ಹತ್ತಿ ಇಟ್ಕೊಂಡಿದ್ಯೇನೋ?"

ಗೂಳಿ ನಕ್ಕು ಸ್ನಾನಕ್ಕೆ ಹೋದ. ಅವನು ಕಳಚಿಟ್ಟ ಬಟ್ಟೆಯ ಮೇಲೆ ಮಣ್ಣಿತ್ತು, ಹುಲ್ಲಿನ ಹಸಿರಿತ್ತು, ಮತ್ತೇನೂ ಇರಲಿಲ್ಲ. ಹೆತ್ತವಳು ಸಂತೋಷಪಡಬೇಕಿತ್ತು. ಲಾಂಡ್ರಿಯಮ್ಮನಿಗೆ ಹೊಟ್ಟೆ ಉರಿಯಿತು. "ಹೆತ್ತಿದ್ದು ನಾನು, ಹೊತ್ತಿದ್ದು ನಾನು, ಹೆಸರು ಮಾತ್ರ ಅವಳಿಗೆ" ಎಂದು ಜೊತೆ ಕೆಲಸದವರ ಮುಂದೆ ಗೊಣಗಿದಳು. ಅವರು ನಕ್ಕಿದ್ದು ಇನ್ನಷ್ಟು ಉರಿಸಿತು.

ರಜೆಯ ದಿನ, ನಾಲ್ಕು ಮಾತು ಆಡಿಯೇ ಬರುತ್ತೇನೆ ಎಂದು ಸೆರಗು ಬಿಗಿದು ಬಯಲಿಗೆ ಹೊರಟಳು. ಆಟ ನಡೆಯುತ್ತಿತ್ತು. ಗೂಳಿ ಒಬ್ಬನಿಗೆ ಅಡ್ಡಗಾಲು ಕೊಟ್ಟು ಕೆಡವಿದ. ಗುಂಪಿನಲ್ಲಿ ಅದು ಯಾರ ಕಣ್ಣಿಗೂ ಬಿದ್ದಂತಿರಲಿಲ್ಲ. ಅವನೇ ನಿಂತು ಕೈ ಎತ್ತಿದ, ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟ. ಮನೆಯಲ್ಲಿ ಲೋಟ ಒಡೆದದ್ದನ್ನೂ ಒಪ್ಪಿಕೊಂಡ ಪ್ರಾಣಿಯಲ್ಲ ಅದು! ತನ್ನ ಮನೆಯಿಂದ ಕಳವಾದ ಸರ ಇನ್ನೊಬ್ಬಳ ಕೊರಳಲ್ಲಿ ಕಂಡಂತಾಯಿತು ಅವಳಿಗೆ.

ಡ್ರೈವರು ಬೆವರು ಒರೆಸಿಕೊಳ್ಳುತ್ತ ಹತ್ತಿರ ಬಂದಳು. "ಗೂಳಿ ಅಮ್ಮ ಅಲ್ವಾ? ಬನ್ನಿ. ನಿಮ್ಮ ಮಗ ಗಟ್ಟಿಗ. ಹೋದ ವರ್ಷ ಬಡಗಿ ಮಗನ ತಲೆ ಒಡೆದಿದ್ದು ತಾನೇ ಅಂತ ಅವನಾಗೇ ಹೇಳ್ದ. ಮೊನ್ನೆ ಅವರ ಮನೆಗೂ ಹೋಗಿ ಕ್ಷಮೆ ಕೇಳ್ದ. ನಿಮಗೆ ಹೇಳಿರ್ತಾನೆ."

ಹೇಳಿರಲಿಲ್ಲ. ಆದರೆ ಲಾಂಡ್ರಿಯಮ್ಮನಿಗೆ ಗೊತ್ತಿತ್ತು. ಆವತ್ತು ಮಗನ ಅಂಗಿಯ ತೋಳಿನಲ್ಲಿ ರಕ್ತ ಕಂಡವಳು ತಣ್ಣೀರಿಗೆ ಉಪ್ಪು ಹಾಕಿ ನೆನೆಸಿಟ್ಟು, ಗುರುತೇ ಸಿಗದಂತೆ ಒಗೆದಿದ್ದಳು. ಮರುದಿನ ಬಾಗಿಲಿಗೆ ಬಂದ ಪೊಲೀಸರಿಗೆ, ಜ್ವರ ಬಂದು ಮನೆಯಲ್ಲೇ ಮಲಗಿದ್ದ ಎಂದು ಹೇಳಿದ್ದಳು. ಒಂದು ವರ್ಷ ಅದನ್ನು ಒಬ್ಬಳೇ ನುಂಗಿಕೊಂಡಿದ್ದಳು.

"ಅಂಗಿಯ ರಕ್ತ ತೊಳೆದವಳು ನಾನು, ಸುಳ್ಳು ಹೇಳಿದವಳು ನಾನು. ನಿಜ ಕೇಳೋದಕ್ಕೆ ಮಾತ್ರ ನೀನಾ?" ಎಂದು ಕೂಗಿಯೇಬಿಟ್ಟಳು.

ಡ್ರೈವರು ಒಂದು ಹೆಜ್ಜೆ ಹಿಂದೆ ಸರಿದಳು. "ಅಂಗಿ ವಿಷಯ ನಂಗೆ ಗೊತ್ತಿಲ್ಲಮ್ಮ. ಅವನನ್ನೇ ಕೇಳಿ" ಎಂದಳು. ಮಗ ಆ ಒಂದನ್ನಾದರೂ ಇವಳಿಗೆ ಹೇಳಿಲ್ಲವಲ್ಲ ಎಂದು ಲಾಂಡ್ರಿಯಮ್ಮನಿಗೆ ಒಂದು ಗಳಿಗೆ ಸಮಾಧಾನವಾದದ್ದು ಸುಳ್ಳಲ್ಲ.

ಸಂಜೆ ಮಗ ಮನೆಗೆ ಬಂದು ಬೂಟು ಬಿಚ್ಚುತ್ತಿದ್ದಾಗಲೇ ಹೇಳಿದಳು. "ಆ ರಕ್ತದ ಅಂಗಿ ಒಗೆದದ್ದು ನಾನೇ ಕಣೋ. ನಂಗೆ ಆವತ್ತೇ ಗೊತ್ತಿತ್ತು."

"ನಂಗೂ ಗೊತ್ತು." ಅವನು ತಲೆ ಎತ್ತಲಿಲ್ಲ. "ಬಚ್ಚಿಡೋದಾಗಿದ್ರೆ ಎಲ್ಲಾದ್ರೂ ಎಸೀತಿದ್ದೆ. ಆವತ್ತು ತುಂಬ ಹೆದರಿಕೆ ಆಗಿತ್ತಮ್ಮ. ನೀನು ನೋಡ್ತೀಯ, ಕೇಳ್ತೀಯ ಅಂತ ಬುಟ್ಟಿ ಮೇಲೇ ಇಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದ್ರೆ ಇಸ್ತ್ರಿ ಆಗಿ ಕಪಾಟಲ್ಲಿತ್ತು. ನೀನು ಏನೂ ಕೇಳ್ಲೇ ಇಲ್ಲ."

ಲಾಂಡ್ರಿಯಮ್ಮ ಗೋಡೆಗೆ ಒರಗಿ ಕುಳಿತಳು.

"ಈಗ ಕೇಳ್ತಿದ್ದೀನಿ. ಹೇಳು."

"ಅಕ್ಕಂಗೆ ಎಲ್ಲ ಹೇಳಿ ಆಯ್ತಲ್ಲಮ್ಮ."

"ನಂಗೆ ಹೇಳಿಲ್ವಲ್ಲ. ಕೂತ್ಕೋ."

ಅವನು ಪಕ್ಕದಲ್ಲಿ ಕುಳಿತು ಹೇಳತೊಡಗಿದ. ಜಗಳ ಹೇಗೆ ಶುರುವಾಯಿತು, ಕೋಲು ಯಾರ ಕೈಯಲ್ಲಿತ್ತು, ಬಿದ್ದವನು ಹೇಗೆ ನೋಡಿದ, ಎಲ್ಲವನ್ನೂ ಎಲ್ಲೂ ತಡವರಿಸದೆ ಹೇಳಿದ. ಒಮ್ಮೆ ಹೇಳಿ ಅಭ್ಯಾಸವಾದ ಮಾತು ಅದು ಎಂದು ಅವಳಿಗೆ ಗೊತ್ತಾಗುತ್ತಲೇ ಇತ್ತು. ತೊದಲಿದ್ದು, ಅತ್ತಿದ್ದು ಎಲ್ಲ ಆ ಇನ್ನೊಬ್ಬಳ ಪಾಲಿಗೆ ಹೋಗಿತ್ತು. ಹೊಟ್ಟೆ ಉರಿಯುತ್ತಲೇ ಇತ್ತು. ಆದರೂ ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದಳು.