ಹೊಲದ ಮೂಲೆಯ ಕೋಲು

ಅಗ್ರಹಾರದ ಬೀದಿಯಲ್ಲಿ ಗೋಣಿಚೀಲ ಹಾಸಿ ಸೊಪ್ಪು ಮಾರಲು ಕೂತವಳು ನಾನು. ಈಗ ಅಲ್ಲೇ ಅಂಗಡಿಯಿದೆ. ರಿಂಗ್ ರಸ್ತೆಯಾಚೆ ಗುತ್ತಿಗೆಗೆ ಹಿಡಿದ ಹೊಲವಿದೆ. ಸೊಪ್ಪು ಬೆಳೆಯುವವರಿಗೆ ಒಂದು ಮಾತು ಹೇಳುತ್ತೇನೆ: ಚೀಲದ ಗೊಬ್ಬರ ನಂಬಬೇಡಿ, ಕುರಿ ಮಂದೆ ನಿಲ್ಲಿಸಿ. ಹೊಲದಲ್ಲಿ ರಾತ್ರಿ ಕಳೆದ ಕುರಿಗಳ ಹಿಕ್ಕೆಗೆ ಸಮವಾದದ್ದು ಇಲ್ಲ.

ರಾಗಿ ಕೊಯ್ಲಾದ ಮೇಲೆ ಶಿರಾ ಕಡೆಯ ಕುರಿಗಾಹಿಯೊಬ್ಬ ಪ್ರತಿ ವರ್ಷ ಬರುತ್ತಿದ್ದ. ಮಾತು ಕುದುರಿದರೆ ತನ್ನ ಕೋಲನ್ನು ಹೊಲದ ಮೂಲೆಯಲ್ಲಿ ನೆಡುತ್ತಿದ್ದ. ಮಂದೆ ಹೊರಡುವಾಗಲೇ ಅದನ್ನು ಕೀಳುವುದು.

ಹೋದ ವರ್ಷ ಕಾರ್ತಿಕ ಕಳೆದರೂ ಮಳೆ ಬಿಡಲಿಲ್ಲ. ಪಕ್ಕದ ಹೊಲದ ಯಜಮಾನರ ರಾಗಿ ಕೊಯ್ಯಲಾಗದೆ ನಿಂತಿತ್ತು. ಕುರಿ ಮೇಯುತ್ತಿದ್ದ ಕೆರೆಯಂಗಳ ನೀರಿನಡಿ. ಬಯಲಿಗೆಲ್ಲ ಬಡಾವಣೆಯವರ ಬೇಲಿ. ಕುರಿಗಾಹಿ ಮಾತ್ರ ವಾಡಿಕೆಯ ಹೊತ್ತಿಗೇ ಬಂದ. ಅವನ ಕಡೆ ಮಳೆಯೇ ಇಲ್ಲದೆ ಹುಲ್ಲು ಒಣಗಿತ್ತಂತೆ.

"ಇನ್ನೊಂದು ವಾರ ಬುಟ್ಟು ಬಾರಯ್ಯ, ರಾಗಿ ಕುಯ್ಕೋತೀನಿ," ಎಂದರು ಯಜಮಾನರು.

"ಅಲ್ಲೀಗಂಟ ಎಲ್ಲಿ ನಿಲ್ಸಲಿ ಸ್ವಾಮಿ, ನಿಮ್ಮ ಜಗಲಿ ಮ್ಯಾಲಾ? ಗೊರಸು ಕೊಳೀತಾ ಅವೆ. ಒಣ ನೆಲ ಸಿಗದಿದ್ರೆ ಒಂದೂ ಉಳಿಯಲ್ಲ."

ನನ್ನ ಹೊಲ ದಿಬ್ಬದ ಮೇಲಿದೆ, ನೀರು ನಿಲ್ಲದು. ಆದರೆ ದಾರಿ ಯಜಮಾನರ ಬದುವಿನ ಮೇಲೆ. ನಾನು ನಡುವೆ ನಿಂತೆ. ಕುರಿಗಳು ಸಾಲಾಗಿ ಬದುವಿನ ಮೇಲೇ ಬರಲಿ; ಕೊಯ್ಲಾದ ಮೇಲೆ ಮಂದೆ ಯಜಮಾನರ ಹೊಲದಲ್ಲಿ ಪುಕ್ಕಟೆ ಕೂರಲಿ ಎಂದೆ.

"ನಿಮ್ಮ ಬಾಯಿಗೆ ಸೋಲ್ಬೇಕು ಕಣಮ್ಮ," ಎಂದು ಯಜಮಾನರು ನಕ್ಕರು. ಎರಡೂ ಕಡೆಯವರು ನಕ್ಕು ಎದ್ದರೆ ಅದು ಒಳ್ಳೆಯ ವ್ಯಾಪಾರ. ಈಗಲೂ ಹಾಗೇ ಹೇಳುತ್ತೇನೆ. ಕುರಿಗಾಹಿ ನನ್ನ ಹೊಲದಲ್ಲಿ ಕೋಲು ನೆಟ್ಟು ಮಂದೆ ತರಲು ಹೋದ.

ಮಂದೆ ಅರ್ಧ ದಾರಿಗೆ ಬಂದಾಗ ನೆನೆದ ಬದು ಕುಸಿಯಿತು. ಮುಂದಿದ್ದ ಟಗರು ರಾಗಿಯೊಳಗೆ ಜಾರಿತು. ಒಂದು ಹೋದಲ್ಲಿಗೆ ಎಲ್ಲ ಹೋಗುವ ಪ್ರಾಣಿ. ಇಡೀ ಮಂದೆ ಅದರ ಹಿಂದೆ ಇಳಿಯಿತು. ತೆನೆಯೆಲ್ಲ ಕೆಸರು ಸೇರಿತು. ಯಜಮಾನರು ಕಲ್ಲೆತ್ತಿಕೊಂಡರು. ಕುರಿಗಾಹಿ ಕಲ್ಲಿಗೆ ಬೆನ್ನು ಕೊಟ್ಟು ಮರಿಗಳನ್ನು ಎತ್ತಿ ಎತ್ತಿ ದಾಟಿಸಿದ.

"ಇತ್ಲಾಗ್ ಹೊಡ್ಕೊಂಡು ಬಾರೋ!" ಎಂದು ದಿಬ್ಬದಿಂದ ಕೂಗಿದೆ. ಅವನು ತಿರುಗಿ ನೋಡಲಿಲ್ಲ. ಕುಂಟುವ ಕುರಿಗಳನ್ನು ರಸ್ತೆಗೆ ಹತ್ತಿಸಿಕೊಂಡು ಮಳೆಯಲ್ಲೇ ಹೋದ. ಕೋಲು ಕೀಳಲೂ ಬರಲಿಲ್ಲ.

ಈ ವರ್ಷ ಅವನು ಬಂದಿಲ್ಲ. ಫೋನೂ ಹೋಗುತ್ತಿಲ್ಲ. ಉಳಲು ಬಂದ ಟಿಲ್ಲರ್‌ನವನಿಗೆ ಕೋಲು ಬಿಟ್ಟು ಸುತ್ತಿ ಹೊಡೆ ಎಂದೆ. ಅಂಗಡಿ ಮುಚ್ಚಿ ಕುಂಬಾರಕೊಪ್ಪಲಿನ ಮನೆಗೆ ಹೋಗುವ ಬದಲು ಹೊಲಕ್ಕೆ ಬರುತ್ತೇನೆ. ಮೊನ್ನೆ ಮುಸ್ಸಂಜೆ, ಮಳೆಯೊಳಗೆ ಕುರಿ ಅರಚಿದ ಹಾಗಾಯಿತು. ರಸ್ತೆ ಖಾಲಿ. ಯಜಮಾನರೂ ಬದುವಿಗೆ ಬಂದು ರಸ್ತೆಯನ್ನೇ ನೋಡುತ್ತಿದ್ದರು.

"ಕೇಳುಸ್ತಾ?" ಎಂದೆ.

"ಮಳೆ ಸದ್ದು ಕಣಮ್ಮ." ದಿಬ್ಬದತ್ತ ಕೈ ತೋರಿ, "ಆ ಕೋಲು ಕಿತ್ತಾಕ್ಬುಡಿ," ಎಂದರು.

"ನೀವೇ ಕೀಳಿ."

ಅವರು ದಿಬ್ಬ ಹತ್ತಿ ಬಂದು ಕೋಲು ಹಿಡಿದರು. ಮಳೆಗೆ ಮಣ್ಣು ಸಡಿಲವಾಗಿ ಅದು ವಾಲಿತ್ತು. ನೆಟ್ಟಗೆ ನಿಲ್ಲಿಸಿ, ಬುಡದ ಮಣ್ಣನ್ನು ಕಾಲಿಂದ ತುಳಿದು ಗಟ್ಟಿಮಾಡಿದರು.