ಮಗಳಿಗೆಂದು ಬಿಟ್ಟ ಸಾಲು

ಕಪಾಟಿನ ಮೇಲಿನ ಅರೆಯಲ್ಲಿದ್ದ ಹಳೆಯ ಬಟ್ಟೆಗಳ ಗಂಟು ಬಿಚ್ಚುವಾಗ ಒಂದು ಬಿಳಿಯ ಚೌಕದ ಅರಿವೆ ಸಿಕ್ಕಿತು. ನಡುವೆ ಎಣ್ಣೆಯ ಕಲೆ, ಮೂಲೆಗಳಲ್ಲಿ ಗಂಟು ಹಾಕಿ ಹಾಕಿ ಬಿದ್ದ ಸುಕ್ಕು. ನಾನು ನಿಪ್ಪಾಣಿಯ ಬಸ್ಸು ಹತ್ತುವ ದಿನ ಕಾಕು ಇದರಲ್ಲೇ ಸಜ್ಜೆಯ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದರು. ಇದರಲ್ಲೇ ಎಂದು ಹೇಗೆ ಹೇಳಲಿ? ಆ ಕಡೆ ಹೋದಾಗಲೆಲ್ಲ ಯಾರಾದರೂ ಬುತ್ತಿ ಕಟ್ಟಿಕೊಡುತ್ತಿದ್ದರು, ಅರಿವೆಗಳೆಲ್ಲ ಒಂದೇ ಥರ ಇರುತ್ತಿದ್ದವು. ಆದರೆ ಕೈಗೆ ಬಂದ ಕೂಡಲೇ ನೆನಪಾದದ್ದು ಕಾಕು...

ಎಂಬತ್ತರ ದಶಕದ ಕೊನೆಯ ವರ್ಷಗಳವು. ಊರೂರು ತಿರುಗಿ ಅಲ್ಲಿಯ ಊಟ, ತೋಟ, ಹಬ್ಬಗಳ ಬಗ್ಗೆ ವಾರಪತ್ರಿಕೆಗೆ ಬರೆಯುತ್ತಿದ್ದೆ. ಮೈಸೂರಿನವಳಾದ ನನಗೆ ಚಿಕ್ಕೋಡಿ ದಾಟಿದ ಮೇಲೆ ಕನ್ನಡವೂ ಹೊಸದು, ಖಾರವೂ ಹೊಸದು. ಕಾಗವಾಡದ ಹತ್ತಿರ ಒಂದು ಹಳ್ಳಿಯಲ್ಲಿ, ಧಾರವಾಡದ ಹಾಸ್ಟೆಲಿನ ಗೆಳತಿಯೊಬ್ಬಳ ಕಾಕುವಿನ ಮನೆ ಇತ್ತು. ಅಲ್ಲಿ ಚಿಕ್ಕಪ್ಪನ ಹೆಂಡತಿಗೆ ಕಾಕು ಎನ್ನುತ್ತಾರೆ. ಎರಡನೆಯ ದಿನಕ್ಕೆ ಅವರು ನನಗೂ ಕಾಕುವೇ ಆದರು.

ದೊಡ್ಡ ಕೈಗಳ, ಹಣೆ ತುಂಬ ವಿಭೂತಿಯ ಹೆಂಗಸು. ನನ್ನನ್ನು ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂರಿಸಿಕೊಂಡು, ರೊಟ್ಟಿ ಬಡಿಯುತ್ತ ಛೇಡಿಸುತ್ತಿದ್ದರು.

"ನಿಮ್ಮ ಕಡೆ ಅನ್ನದ ಕೂಡ ಅನ್ನಾನ ಹಚಗೊಂಡು ತಿಂತಾರಂತ. ಖರೇ ಏನ ತಂಗಿ?"

ಅವರ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ದ್ರಾಕ್ಷಿ ಪಡವನ್ನು, ಅಂದರೆ ದ್ರಾಕ್ಷಿಯ ತೋಟವನ್ನು, ನೋಡಿಕೊಳ್ಳುತ್ತಿದ್ದವನು ಮೈದುನ. ತೋಟ ಎಂದರೆ ನಾನು ಹೂವು, ನೆರಳು ಅಂದುಕೊಂಡವಳು. ಅಲ್ಲಿ ಕಲ್ಲಿನ ಕಂಬ, ತಂತಿ, ತಂತಿಯ ಮೇಲೆ ಹಬ್ಬಿದ ಬಳ್ಳಿ. ಎಲೆಗಳ ಮೇಲೆಲ್ಲ ನೀಲಿ ಬಿಳುಪಿನ ಔಷಧದ ಹುಡಿ. ಔಷಧಕ್ಕೆ ಅಲ್ಲಿ ಎಣ್ಣಿ ಎನ್ನುತ್ತಿದ್ದರು. ಮಂಜು ಬಿದ್ದರೆ ಎಣ್ಣಿ, ಮೋಡ ಕವಿದರೆ ಎಣ್ಣಿ.

ಬಾವಿಯ ಪಕ್ಕದ ಒಂದು ಸಾಲಿನ ಎಲೆಗಳು ಮಾತ್ರ ಬರೀ ಹಸಿರಾಗಿದ್ದವು. ಅದಕ್ಕೆ ಔಷಧ ಹೊಡೆಯುವಂತಿರಲಿಲ್ಲ. ಮನೆಯವರು, ಬಂದವರು ತಿನ್ನುವುದಕ್ಕೆಂದು ಕೆಲವರು ಹೀಗೆ ಒಂದೆರಡು ಬಳ್ಳಿ ಬಿಟ್ಟುಕೊಳ್ಳುವುದಿತ್ತು. ಕಾಕು ಇಡೀ ಸಾಲನ್ನೇ ಬಿಡಿಸಿದ್ದರು, ಅದೂ ಮಗಳಿಗಾಗಿ. ಒಬ್ಬಳೇ ಮಗಳು, ಅಥಣಿಯ ಹತ್ತಿರ ಪಡ ಇದ್ದವರ ಮನೆಗೇ ಕೊಟ್ಟಿದ್ದರು. ಎರಡು ಸಲ ಬಸಿರು ನಿಂತಿರಲಿಲ್ಲ. ಈಗ ಮತ್ತೆ ಬಸುರಿಯಾಗಿದ್ದಳು. ಎರಡು ಸಲವೂ ಅವಳು ಔಷಧ ಹೊಡೆದ ಮರುದಿನವೇ ಬಳ್ಳಿಯ ಕೆಳಗೆ ಕೈಯೆತ್ತಿ ಕೆಲಸ ಮಾಡಿದ್ದಳೆಂದೂ, ಅದೇ ಅವಳ ಹೊಟ್ಟೆಗೆ ಮುಳುವಾಯಿತೆಂದೂ ಕಾಕು ನಂಬಿದ್ದರು. ಈ ಸಲ ಬಯಕೆಯ ಬುತ್ತಿಗೆ ಮಗಳನ್ನು ತೋಟಕ್ಕೆ ಕರೆದೊಯ್ದು, ಎಣ್ಣಿ ಕಾಣದ ಹಣ್ಣು ತಿನ್ನಿಸಬೇಕು. ಅವರ ಲೆಕ್ಕ ಅಷ್ಟೇ.

ಎಳ್ಳಮವಾಸ್ಯೆಗೆ ನಾನು ಅಲ್ಲಿದ್ದೆ, ಗೆಳತಿಯೂ ಬಂದಿದ್ದಳು. ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಸಜ್ಜೆ ರೊಟ್ಟಿಗಳನ್ನು ಬುಟ್ಟಿಯಲ್ಲಿ ಹೊತ್ತು ಎಲ್ಲರೂ ಪಡಕ್ಕೆ ಹೋದೆವು. ಭೂಮಿತಾಯಿಗೆ ಉಣ್ಣಿಸುವ ಚರಗವೆಂದು ಕಾಕು ಎಡೆಯ ಅನ್ನವನ್ನು ಸಾಲುಸಾಲಿಗೂ ಚೆಲ್ಲುತ್ತ ನಡೆದರು. ಬಾವಿಯ ಪಕ್ಕದ ಸಾಲಿಗೆ ಬಂದಾಗ ಅವರ ಕೈ ನಿಂತಿತು. ಎಲೆಗಳ ಮೇಲೆ ಹಳದಿ ಮಚ್ಚೆ, ಮಗುಚಿದರೆ ಕೆಳಗೆ ಬಿಳಿಯ ಬೂಷ್ಟು. ಪಕ್ಕದ ಸಾಲಿಗೂ ಅಲ್ಲಲ್ಲಿ ಹತ್ತಿತ್ತು.

ಆ ದಿನ ದಟ್ಟ ಮಂಜಿತ್ತು ಎಂದು ನನ್ನ ನೆನಪು. ಇಲ್ಲ, ಕಣ್ಣು ಕುಕ್ಕುವ ಬಿಸಿಲಿತ್ತು ಎನ್ನುತ್ತಾಳೆ ಗೆಳತಿ. ಆ ರೋಗ ಮಂಜಿಗೆ ಬರುತ್ತದೆಂದು ಆಮೇಲೆ ತಿಳಿದುಕೊಂಡೆ. ತಿಳಿದುಕೊಂಡದ್ದೇ ಹಿಂದಕ್ಕೆ ಹೋಗಿ ಮಂಜಾಗಿ ಕವಿಯಿತೋ ಏನೋ... ಮಾತುಗಳ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ತಕರಾರಿಲ್ಲ.

ಮೈದುನ ಕೆಟ್ಟವನಲ್ಲ. ವರ್ಷವಿಡೀ ದುಡಿದದ್ದು ಕಣ್ಣೆದುರು ಹೋಗುತ್ತಿತ್ತು. ದನಿ ಏರಿಸದೆಯೇ ಅತ್ತಿಗೆಗೆ ಹೇಳಿದ.

"ವೈನಿ, ಒಂದ ಸಾಲಿನ ಸಲುವಾಗಿ ಇಡೀ ಪಡ ಹಾಳಾಕ್ಕೈತಿ ನೋಡ್ರಿ. ಇವತ್ತ ಎಣ್ಣಿ ಹೊಡದಬಿಡ್ತೇನಿ."

"ನನ್ನ ಮಗಳು ತಿನ್ನೂ ಬಳ್ಳಿಗೆ ಎಣ್ಣಿ ಮುಟ್ಟಸಬ್ಯಾಡ."

"ರೋಗಕ್ಕ ನಿಮ್ಮ ಮಗಳ ಗುರ್ತ ಐತೇನ್ರಿ?"

ಕಾಕು ಚರಗದ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಪಂಪಿನ ಕೋಣೆಗೆ ಹೋಗಿ ಕಬ್ಬು ಕಡಿಯುವ ಕೊಯ್ತಾ ತಂದರು. ಮೊದಲ ಬಳ್ಳಿಯ ಬುಡಕ್ಕೆ ಹಾಕಿದ ಏಟು ಜಾರಿತು. ಎರಡನೆಯದು ಕಚ್ಚಿತು. ಮೈದುನ "ವೈನಿ, ಬ್ಯಾಡ್ರಿ" ಅಂದ, ಆದರೆ ಮುಂದೆ ಬರಲಿಲ್ಲ. ಬಗ್ಗಿದವರು ಸೆಟೆದು ನಿಲ್ಲದೆ ಆ ತುದಿಯವರೆಗೆ ಕಡಿಯುತ್ತ ಹೋದರು. ಬಳ್ಳಿಗಳು ಬೀಳಲಿಲ್ಲ. ಬುಡ ಕಡಿದರೂ ಕಾಯಿಗೊಂಚಲುಗಳ ಸಮೇತ ತಂತಿಗೇ ತೂಗುತ್ತಿದ್ದವು. ಆಮೇಲೆ ಎಲ್ಲರೂ ಬೇವಿನ ಮರದ ಕೆಳಗೆ ಕೂತು ಉಂಡೆವು. ಹಬ್ಬದ ದಿನ ಎಡೆಯಾದ ಮೇಲೆ ಉಣ್ಣದೆ ಏಳುವಂತಿಲ್ಲವಲ್ಲ.

ಹಣ್ಣಿನ ದಿನಗಳಲ್ಲಿ ಮತ್ತೆ ಹೋದೆ, ಕಾಕುವೇ ಹೇಳಿಕಳಿಸಿದ್ದರು. ಅದೇ ಬೇವಿನ ನೆರಳಲ್ಲಿ ಮಗಳಿಗೆ ಬಯಕೆಯ ಊಟ. ಹಸಿರು ಸೀರೆ, ಹಸಿರು ಬಳೆ. ಶೇಂಗಾ ಹೋಳಿಗೆ, ಮಾದಲಿ, ಗಟ್ಟಿ ಮೊಸರು. ಓಣಿಯ ಹೆಂಗಸರು ಅವಳ ಗಂಡನ ಹೆಸರು ಹೇಳಿಸಲು ಕಾಡುತ್ತಿದ್ದರು. ಊಟ ಮುಗಿಯುತ್ತ ಬಂದಾಗ ಅವಳು ದ್ರಾಕ್ಷಿ ಬೇಕು ಅಂದಳು. ಬಾವಿಯ ಪಕ್ಕದಲ್ಲಿ ಬರೀ ಕಂಬ, ತಂತಿ. ಬಯಕೆಯವಳು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವ ಹಾಗಿಲ್ಲ. ಕಾಕು ಎದ್ದು ಪಕ್ಕದ ಸಾಲಿನಿಂದ ಒಂದು ಗೊಂಚಲು ಕಿತ್ತುಕೊಂಡು ಕಾಲುವೆಯ ನೀರಿಗೆ ಹಿಡಿದರು. ಬೆರಳಿಂದ ಒಂದೊಂದೇ ಹಣ್ಣನ್ನು ತಿಕ್ಕಿದರು, ಸೆರಗಿನಿಂದ ಒರೆಸಿದರು, ಮತ್ತೆ ನೀರಿಗೆ ಹಿಡಿದರು. ಹಣ್ಣು ಉದುರಿ ನೀರಿನಲ್ಲಿ ಹೋಗತೊಡಗಿದವು. ಮಗಳು ನಗುತ್ತ ಕೂಗಿದಳು.

"ಸಾಕ ಬಿಡ ಬೇ ಯವ್ವಾ, ಎಷ್ಟ ತೊಳಿತಿ. ಅತ್ತಿ ಮನ್ಯಾಗ ದಿನಾ ಇದನ್ನ ತಿಂತೀನಿ. ಅಲ್ಲಿ ನನಗ ಯಾರ ಸಾಲು ಬಿಟ್ಟಾರ?"

ಹೆಂಗಸರೆಲ್ಲ ನಕ್ಕರು. ಕಾಕು ಉಳಿದ ಹಣ್ಣನ್ನು ತಂದು ಮಗಳ ಉಡಿಯಲ್ಲಿ ಹಾಕಿ, ತಿನ್ನುವುದನ್ನು ನೋಡಲಾರದೆ ಬಾವಿಯ ಕಡೆ ಮುಖ ಮಾಡಿ ಕೂತರು.

ಆ ಕೂಸೂ ಉಳಿಯಲಿಲ್ಲ. ಮಿರಜಿನ ಡಾಕ್ಟರರು ಹೇಳಿದ ಕಾರಣ ಬೇರೆಯೇ ಇತ್ತಂತೆ. ಇರಬಹುದು. ಕಡಿದ ಸಾಲನ್ನೂ ಹೋದ ಕೂಸನ್ನೂ ಒಂದಕ್ಕೊಂದು ಗಂಟು ಹಾಕಿದರೆ ಕೇಳುವವರಿಗೆ ಕಥೆ ಸಲೀಸಾಗುತ್ತದೆ, ಆದರೆ ಆ ಗಂಟು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಕಾಕುವಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಅವರು ತಿಳಿದಿದ್ದರು. ಅವರ ಪಾಲಿಗೆ ಎರಡೂ ಒಂದೇ ಆಗಿತ್ತು.

ಕಾಕು ಹೋಗಿ ಈಗ ಕೆಲವು ವರ್ಷಗಳಾದವು. ಸುದ್ದಿ ನನಗೆ ತಡವಾಗಿ ಮುಟ್ಟಿತು. ಹೋದ ಚಳಿಗಾಲದಲ್ಲಿ ರಾಯಬಾಗಕ್ಕೆ ಹೋದವಳು ಅಥಣಿಯವರೆಗೂ ಹೋಗಿ ಮಗಳನ್ನು ಕಂಡು ಬಂದೆ. ಅವಳ ತಲೆಯೂ ನೆರೆತಿತ್ತು. ಮಕ್ಕಳಾಗಲಿಲ್ಲ. ಕೊನೆಯ ದಿನಗಳಲ್ಲಿ ತಾಯಿ ಅವಳ ಹತ್ತಿರವೇ ಇದ್ದರಂತೆ.

"ಪಡಾ ತಗದು ಕಬ್ಬ ಹಚ್ಚಿ ಭಾಳ ವರ್ಷ ಆಗಿತ್ರಿ ಅಕ್ಕಾರ. ಆದ್ರೂ ಅವ್ವ ದಿನಾ ನನ್ನ ಕೈ ಹಿಡದು ಮೂಸಿ ನೋಡಾಕಿ. ಎಣ್ಣಿ ನಾರತೈತಿ, ತೊಳಕೊಂಡು ಬಾ ಅನ್ನಾಕಿ."

ನೀನೇನು ಮಾಡುತ್ತಿದ್ದೆ ಎಂದು ಕೇಳಿದೆ.

"ತೊಳಕೊಂಡು ಬರ್ತಿದ್ದೆ. ಮತ್ತ ಮೂಸಾಕಿ."

ಅಷ್ಟು ಹೇಳಿ, ಉಂಡೇ ಹೋಗಬೇಕೆಂದು ನನ್ನನ್ನು ಕೂರಿಸಿ ಒಳಗೆ ಹೋದಳು. ತಾಟು ಇಡುವ ಮೊದಲು ಬಚ್ಚಲಲ್ಲಿ ನೀರಿನ ಸದ್ದು ಬಹಳ ಹೊತ್ತು ಕೇಳಿಸುತ್ತಲೇ ಇತ್ತು...